ರೋಗಿಯ ನೆಮ್ಮದಿ, ನರ್ಸಿನ ನಿದ್ದೆ

ನಾಟಕದ ಊರಾದ ಮರಿಯಮ್ಮನಹಳ್ಳಿಯಲ್ಲಿ ಆಸ್ಪತ್ರೆಯ ಮಾತು ಯಾಕಪ್ಪ ಎಂದು ನಿಮ್ಮ ಸಂಘದ ಹಿರಿಯರೊಬ್ಬರು ಕೇಳಿದರು. ಕಾರಣವಿದೆ. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಆಸ್ಪತ್ರೆಯಲ್ಲೇ ಕೊಡಲು ಸಾಧ್ಯವೇ ಎಂದು ಈ ದೇಶ ಒಂದು ಇಡೀ ಜಿಲ್ಲೆಯಲ್ಲಿ ಪರೀಕ್ಷಿಸಿ ನೋಡಿತು. ಆ ಜಿಲ್ಲೆ ನಮ್ಮದೇ, ಆಗಿನ ಬಳ್ಳಾರಿ. ಹೊಸಪೇಟೆ, ಕಂಪ್ಲಿ, ಸಂಡೂರು ಎಲ್ಲವೂ ಅದರೊಳಗೇ ಇದ್ದವು. ಹಂಪಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಈ ಸಂಗತಿಯನ್ನು ಮಕ್ಕಳಿಗೆ ಹೇಳಿದ್ದೇ ಇಲ್ಲ.

1970ರ ದಶಕದ ನಡುವೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಊರಾಚೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತೆಯರಿಗೂ ಮನೋರೋಗ ಗುರುತಿಸುವುದನ್ನು ಕಲಿಸತೊಡಗಿದರು. ಡಾ. ಆರ್. ಶ್ರೀನಿವಾಸ ಮೂರ್ತಿ, ಡಾ. ಮೋಹನ್ ಐಸಾಕ್, ಕನ್ನಡದಲ್ಲಿ ನೂರಾರು ಪುಸ್ತಕ ಬರೆದ ಡಾ. ಸಿ. ಆರ್. ಚಂದ್ರಶೇಖರ್ ಇವರೆಲ್ಲ ಈ ಕೆಲಸಕ್ಕೆ ಕೈಜೋಡಿಸಿದವರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಒಂದು ಕೇಂದ್ರದಲ್ಲಿ ಆಗಿದ್ದು ಹದಿನೈದು ಲಕ್ಷ ಮೀರಿದ ಜನರ ಜಿಲ್ಲೆಯಲ್ಲಿ ಆದೀತೇ ಎಂಬ ಪ್ರಶ್ನೆಗೆ 1985ರಿಂದ 1990ರವರೆಗೆ ಬಳ್ಳಾರಿಯಲ್ಲಿ ಉತ್ತರ ಹುಡುಕಿದರು.

ಅದಕ್ಕೂ ಮುಂಚೆ ನಮ್ಮವರ ಪಾಡೇನಿತ್ತು? ಮನೆಯಲ್ಲೊಬ್ಬರ ತಲೆ ಕೆಟ್ಟರೆ ಹುಲಿಗೆಮ್ಮನ ಗುಡಿ, ಇಲ್ಲವೇ ಸಾಲ ಮಾಡಿ ಧಾರವಾಡದ ಅಥವಾ ಬೆಂಗಳೂರಿನ ಮನೋರೋಗದ ಆಸ್ಪತ್ರೆ. ಗುಡಿಗೆ ಹೋದವರನ್ನು ನಾನು ಹೀಗಳೆಯಲಾರೆ. ಬಾಗಿಲು ತೆರೆದಿದ್ದ ಕಡೆ ಹೋದರು. ತುಂಗಭದ್ರಾ ಅಣೆಕಟ್ಟಿನ ನೀರಿಗೆ ನಾರಾಯಣದೇವರಕೆರೆಯನ್ನು ಬಿಟ್ಟು ಈ ಊರಿಗೆ ಬಂದ ಮನೆತನಗಳು ಇಲ್ಲಿ ಕೂತಿವೆ. ಆ ತಲೆಮಾರಿನ ದುಃಖವನ್ನು ಯಾವ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಬರೆಸಬೇಕಿತ್ತು, ಹೇಳಿ.

ಬಳ್ಳಾರಿಯ ಪ್ರಯೋಗದಲ್ಲಿ ಆಡಂಬರವಿರಲಿಲ್ಲ. ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರು, ಕೆಳಗಿನ ಆಸ್ಪತ್ರೆಗಳ ವೈದ್ಯರಿಗೆ ಕಿರು ತರಬೇತಿ, ಅತಿ ಅಗತ್ಯದ ಕೆಲವೇ ಔಷಧಿ, ಸರಳ ದಾಖಲೆ, ತಿಂಗಳಿಗೊಮ್ಮೆ ವರದಿ. ‘ಎದಿ ಧಸಕ್ ಅಂತದ್ರಿ, ನಿದ್ದಿ ಬರವಲ್ದು, ಮೈಯೆಲ್ಲಾ ನೋವು’ ಎಂದು ಬಂದವರಿಗೆ ಬರೀ ಟಾನಿಕ್ ಬರೆದು ಕಳಿಸದೆ, ಮನೆಯಲ್ಲಿ ಏನಾಗಿದೆ ಎಂದು ಕೇಳಬೇಕೆಂಬುದು ತರಬೇತಿಯ ತಿರುಳು. ಮೂರ್ಛೆರೋಗವನ್ನೂ ಇದರೊಳಗೆ ಸೇರಿಸಿದ್ದು ಜಾಣತನ. ಫಿಟ್ಸ್ ಬರುವ ಹುಡುಗಿಗೆ ಅಗ್ಗದ ಗುಳಿಗೆ ತಪ್ಪದೆ ಸಿಕ್ಕರೆ ಸಾಕು, ಅವಳ ಶಾಲೆ, ಮದುವೆ, ಬದುಕು ಎಲ್ಲ ಬೇರೆಯೇ ಆಗುತ್ತದೆ. ಸಾಮಾನ್ಯ ವೈದ್ಯರಿಂದಲೂ ಈ ಕೆಲಸ ಆಗುತ್ತದೆಂದು ಬಳ್ಳಾರಿ ತೋರಿಸಿತು. 1996ರಲ್ಲಿ ಕೇಂದ್ರ ಸರಕಾರ ಇದೇ ಮಾದರಿಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು 4 ಜಿಲ್ಲೆಗಳಲ್ಲಿ ಶುರುಮಾಡಿ, ಆಮೇಲೆ ದೇಶಕ್ಕೆ ಹಬ್ಬಿಸಿತು.

ಹಬ್ಬಿದ ಮೇಲೆ ಸೊರಗಿತು. ಉತ್ತರ ಭಾರತದಲ್ಲಿ ಇದೇ ಕಾರ್ಯಕ್ರಮವನ್ನು ಹತ್ತಿರದಿಂದ ಕಂಡ ಸುಮೀತ್ ಜೈನ್ ಮತ್ತು ಸುಶ್ರುತ್ ಜಾಧವ್ 2009ರ ತಮ್ಮ ಅಧ್ಯಯನದಲ್ಲಿ, ಸಮುದಾಯದ ಆರೈಕೆಯೆಂಬ ಆಶಯ ಕೊನೆಗೆ ಮಾತ್ರೆ ಹಂಚುವುದಕ್ಕೆ ಇಳಿದಿತ್ತು ಎಂದರು. ತರಬೇತಿ ಪಡೆದ ವೈದ್ಯರಿಗೆ ವರ್ಗವಾಗುತ್ತದೆ. ಹೊಸಬರಿಗೆ ಹೆರಿಗೆ, ಜ್ವರ, ಲಸಿಕೆ, ಮೀಟಿಂಗು, ಆನ್‌ಲೈನ್ ನಮೂದು. ಹೊರಗೆ ನೂರು ಜನ ನಿಂತಿರುವಾಗ ಒಬ್ಬ ತಾಯಿಯ ನಿದ್ದೆಗೇಡನ್ನು ಕೇಳುವ ಪುರಸತ್ತು ಎಲ್ಲಿಂದ ಬರಬೇಕು?

ನನ್ನ ತಕರಾರು ಇರುವುದು ಇಲ್ಲೇ. ರೋಗಿಯ ನೆಮ್ಮದಿಯನ್ನೂ ಸಿಬ್ಬಂದಿಯ ನೆಮ್ಮದಿಯನ್ನೂ ನಾವು ಬೇರೆ ಬೇರೆ ಕಡತಗಳಲ್ಲಿ ಇಟ್ಟಿದ್ದೇವೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಿಂಡಾ ಐಕನ್ ಮತ್ತು ಸಂಗಡಿಗರು 168 ಆಸ್ಪತ್ರೆಗಳನ್ನು ಪರಿಶೀಲಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು, ನರ್ಸು ದಣಿದು ಬತ್ತಿಹೋಗುವ ಸಂಭವ ಶೇ. 23ರಷ್ಟು ಏರುತ್ತಿತ್ತು. ದಣಿದವರ ಕೈಯಲ್ಲಿ ರೋಗಿಗೂ ಕ್ಷೇಮವಿಲ್ಲ.

ನಮ್ಮಲ್ಲಿ ಕೋವಿಡ್ ಕಾಲವನ್ನು ನೆನೆಯಿರಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಆಮ್ಲಜನಕ ನಂಬಿ 2021ರಲ್ಲಿ ಸಾವಿರ ಹಾಸಿಗೆಯ ಆಸ್ಪತ್ರೆ ಎದ್ದುನಿಂತದ್ದನ್ನು ಎಲ್ಲರೂ ಹೊಗಳಿದೆವು. ಆದರೆ ಮನೆಮನೆ ಸುತ್ತಿ ಬೈಗುಳ ತಿಂದ ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ಮುಷ್ಕರ ಹೂಡಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರಿಗೆಲ್ಲ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿಯಿಂದ ಒಲೆ ಉರಿಯುವುದಿಲ್ಲ.

ರಾತ್ರಿಯಿಡೀ ಬಣ್ಣ ಹಚ್ಚಿ ಕುಣಿದ ಕಲಾವಿದರನ್ನು ಮರುದಿನ ಬೆಳಿಗ್ಗೆ ಎಬ್ಬಿಸಬಾರದೆಂದು ಈ ಊರಿನ ಮಕ್ಕಳಿಗೂ ಗೊತ್ತು. ರಾತ್ರಿ ಪಾಳಿ ಮುಗಿಸಿದ ನರ್ಸಿಗೆ ಆ ಮರ್ಯಾದೆ ಸಿಗುತ್ತಿದೆಯೇ? ಸಂಶೋಧಕರು ಬರಲೆಂದು ಕಾಯುವುದು ಬೇಡ. ಸರಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅದರಲ್ಲಿರುವ ನಿಮ್ಮ ಪರಿಚಯದವರ ಮೂಲಕ ಮೂರು ಪ್ರಶ್ನೆ ಕೇಳಿಸಿ. ಫಿಟ್ಸ್ ಮತ್ತು ಮನೋರೋಗದ ಗುಳಿಗೆ ಈ ವರ್ಷ ಎಷ್ಟು ದಿನ ಖಾಲಿ ಇತ್ತು? ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಚಿಲಕ ಇರುವ ಕೋಣೆ, ನೀರು ಬರುವ ಶೌಚಾಲಯ ಇದೆಯೇ? ಖಾಲಿ ಹುದ್ದೆಗಳ ಕೆಲಸ ಯಾರ ಹೆಗಲ ಮೇಲಿದೆ? ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಮನಸ್ಸು ಭಾರವಾದವರು, ರೋಗಿಯಾಗಲಿ ಸಿಬ್ಬಂದಿಯಾಗಲಿ, ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಹಣ ಕೊಡಬೇಕಿಲ್ಲ. ಆ ಸಂಖ್ಯೆಯನ್ನು ಈ ರಂಗಮಂದಿರದ ಗೋಡೆಯ ಮೇಲೂ ಬರೆಸಬೇಕೆಂದು ಸಂಘದವರನ್ನು ಕೇಳಿಕೊಳ್ಳುತ್ತೇನೆ.