ನೀರು ನೋಡುವ ಕೆಲಸ

"ಏನಪ್ಪಾ ನಿನ್ನ ಕೆಲಸ?" ಎಂದು ಗುತ್ತಲಿನ ಹಿರಿಯರು ಕೇಳಿದಾಗಲೆಲ್ಲ "ನೀರು ನೋಡುವ ಕೆಲಸ" ಎನ್ನುತ್ತಿದ್ದೆ. ವಿಶ್ವೇಶ್ವರಯ್ಯ ನಾಲೆಯ ನೀರುಗಂಟಿಯನ್ನು ಕಂಡವರಿಗೆ ಅದು ಸುಲಭವಾಗಿ ಅರ್ಥವಾಗುತ್ತಿತ್ತು, ತಪ್ಪಾಗಿಯೇ ಅರ್ಥವಾಗುತ್ತಿತ್ತೆನ್ನಿ. ನಾನು ನೋಡುತ್ತಿದ್ದುದು ಭಾರಜಲವನ್ನು. ಮೊದಲು ರಾಜಸ್ಥಾನದ ರಾವತ್‌ಭಾಟಾದಲ್ಲಿ, ಬಳಿಕ ಕಾಳಿನದಿಯ ದಂಡೆಯ ಕೈಗಾ ಪರಮಾಣು ವಿದ್ಯುತ್ ಸ್ಥಾವರದಲ್ಲಿ, ೨೦೦೮ರಲ್ಲಿ ನಿವೃತ್ತನಾಗುವವರೆಗೆ.

ಭಾರಜಲ ಕಣ್ಣಿಗೆ ಸಾಮಾನ್ಯ ನೀರೇ. ಅದರೊಳಗಿನ ಜಲಜನಕ ಮಾತ್ರ ಇಮ್ಮಡಿ ತೂಕದ್ದು. ಆದ್ದರಿಂದ ಲೀಟರಿಗೆ ನೂರು ಗ್ರಾಮಿಗೂ ಮಿಕ್ಕಿ ಹೆಚ್ಚು ತೂಗುತ್ತದೆ. ಕೈಗಾದಂಥ ಸ್ಥಾವರಗಳಲ್ಲಿ ಅದು ನ್ಯೂಟ್ರಾನುಗಳ ವೇಗವನ್ನು ತಗ್ಗಿಸುತ್ತದೆ. ಯುರೇನಿಯಂ ಇಂಧನದ ಶಾಖವನ್ನೂ ಹೊರುತ್ತದೆ. ಶಾಖ ಹೊರುವ ನೀರು ಸುಮಾರು ೨೯೦ ಡಿಗ್ರಿಯಲ್ಲಿ ಉಕ್ಕಿನ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಅದು ಆಮ್ಲದ ಕಡೆಗೆ ವಾಲಿದರೆ ಕೊಳವೆ ಸವೆಯುತ್ತದೆ. ಸವೆದ ಕಣಗಳು ರಿಯಾಕ್ಟರಿನೊಳಕ್ಕೆ ಹೋಗಿ, ವಿಕಿರಣಶೀಲವಾಗಿ ಹೊರಬಂದು, ಇನ್ನೆಲ್ಲೋ ಕೂರುತ್ತವೆ. ಅಲ್ಲಿಗೆ ದುರಸ್ತಿಗೆ ಹೋದ ಫಿಟ್ಟರನ ಮೈಗೆ ಆ ವಿಕಿರಣ ತಗಲುತ್ತದೆ. ಅದಕ್ಕೆಂದೇ ಲಿಥಿಯಂ ಹೈಡ್ರಾಕ್ಸೈಡ್ ಬೆರೆಸಿ ಪಿಎಚ್ ಅಂಕವನ್ನು ಹತ್ತರ ಮೇಲೆ ಇಡಬೇಕು. ನಮ್ಮ ಆಲೆಮನೆಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಹಾಕಿ ಹುಳಿ ಮುರಿಯುವುದಿಲ್ಲವೇ, ಹೆಚ್ಚುಕಡಿಮೆ ಅದೇ ಲೆಕ್ಕ. ಅಲ್ಲಿ ಹದ ತಪ್ಪಿದರೆ ಬೆಲ್ಲ ಕಪ್ಪಾಗುತ್ತದೆ, ಅಷ್ಟೇ. ನೀರಿನಲ್ಲಿ ಅಯೊಡಿನ್-೧೩೧ ಏರಿತೆಂದರೆ ಎಲ್ಲೋ ಇಂಧನದ ಕವಚ ಬಿರಿದಿದೆ ಎಂದು ತಿಳಿಯಬೇಕು. ಇವೆಲ್ಲ ಒಂದು ಸಣ್ಣ ಸೀಸೆಯ ಮಾದರಿಯಿಂದ ತಿಳಿಯುವ ಸಂಗತಿಗಳು.

ಈ ಕೆಲಸಕ್ಕೆ ಬರುವ ಮುನ್ನ ನಾನೊಂದು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿದ್ದೆ. ಒಂದು ರಾತ್ರಿಯ ಪಾಳಿಯಲ್ಲಿ, ನಿದ್ದೆಗಣ್ಣಿನಲ್ಲಿ, ಮಾದರಿಯನ್ನೇ ತರದೆ ಹಿಂದಿನ ದಿನದ ಅಂಕಿಯನ್ನು ಪುಸ್ತಕಕ್ಕೆ ಇಳಿಸಿದೆ. ಬೆಳಗಾಗುವಷ್ಟರಲ್ಲಿ ಬಾಯ್ಲರ್ ನೀರಿಗೆ ಉಪ್ಪು ನುಗ್ಗಿತ್ತು. ಯಾರಿಗೂ ಏಟಾಗಲಿಲ್ಲ. ಯಾರೂ ನನ್ನನ್ನು ಕೇಳಲೂ ಇಲ್ಲ, ಪುಸ್ತಕ ಅಷ್ಟು ಅಚ್ಚುಕಟ್ಟಾಗಿತ್ತು! ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಕೈಗಾದ ಒಂದನೆಯ ಘಟಕವು ಸತತ ೯೬೨ ದಿನ ನಡೆದು ೨೦೧೮ರ ಡಿಸೆಂಬರ್ ೩೧ರಂದು ನಿಂತಿತು. ಆಗಿನ ಮಟ್ಟಿಗೆ ಅದು ವಿಶ್ವದಾಖಲೆ. ಪತ್ರಿಕೆಯವರು ದಿನ ಎಣಿಸಿದರು. ನಾನು ಪಾಳಿ ಎಣಿಸಿದೆ: ದಿನಕ್ಕೆ ಮೂರರಂತೆ ೨,೮೮೬.

ಅದಕ್ಕೂ ಮೊದಲು, ೨೦೦೯ರ ನವೆಂಬರಿನಲ್ಲಿ, ಅಲ್ಲಿನ ಕುಡಿಯುವ ನೀರಿನ ಕೂಲರಿನಲ್ಲಿ ಟ್ರೀಷಿಯಂ ಬೆರೆತ ಸುದ್ದಿ ಬಂತು. ಯಾರೋ ಬೇಕೆಂದೇ ಮಾಡಿದ್ದಾರೆಂದು ಅಧಿಕಾರಿಗಳು ಹೇಳಿದರು. ಅದು ಬಯಲಾದದ್ದು ಕೆಲಸಗಾರರ ಮಾಮೂಲು ಮೂತ್ರಪರೀಕ್ಷೆಯಿಂದ. ಆ ದಿನ ನಮ್ಮ ಮನೆಗೆ ಬಂದ ನೆರೆಯವರೊಬ್ಬರು ಕೊಟ್ಟ ನೀರಿನ ಲೋಟವನ್ನು ಮುಟ್ಟಲಿಲ್ಲ. ನಾನು ಕೈಗಾ ಬಿಟ್ಟು ವರ್ಷ ದಾಟಿತ್ತು. ಟ್ರೀಷಿಯಂ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಹತ್ತು ದಿನ ಸಾಕು, ನೀರು ಹೆಚ್ಚು ಕುಡಿದರೆ ಇನ್ನೂ ಬೇಗ. ಇಷ್ಟನ್ನು ವಿವರಿಸುವಷ್ಟರಲ್ಲಿ ಅವರು ಎದ್ದು ಹೋಗಿದ್ದರು. ಮನಸ್ಸಿಗೆ ನೋವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಮರುವಾರ ಅವರೇ ಬಂದರು. ಕೈಯಲ್ಲಿ ಒಂದು ಸೀಸೆ. ಅವರ ಕೊಳವೆಬಾವಿಯ ನೀರು. "ಇದನ್ನೊಂದಿಷ್ಟು ನೋಡಪ್ಪಾ" ಎಂದರು. ಸೀಸೆಯನ್ನು ಆ ನೀರಿನಲ್ಲೇ ಎರಡು ಸಲ ತೊಳೆದು ತುಂಬಿಸಿದ್ದಿರಾ ಎಂದು ಕೇಳಿದೆ. ಇಲ್ಲವೆಂದರು. ಮತ್ತೆ ಹೋಗಿ ತುಂಬಿಸಿ ತಂದರು.