ಮಳೆಗೆ ಮೊದಲೇ ಮದ್ದು

ಅಡಿಕೆ ತೋಟವಿರುವ ನಮ್ಮ ಕಾಸರಗೋಡಿನ ಕಡೆಯವರಿಗೆ ಒಂದು ವಿಷಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಹಾಳಿಗೆ, ಅಂದರೆ ಕೊಳೆರೋಗಕ್ಕೆ, ಮದ್ದು ಬಿಡಬೇಕಾದದ್ದು ಮಳೆ ಹಿಡಿಯುವ ಮೊದಲು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. 40-45 ದಿನ ಕಳೆದು ಇನ್ನೊಮ್ಮೆ. ಕಾಯಿ ಕೊಳೆತು ಉದುರತೊಡಗಿದ ಮೇಲೆ ಮದ್ದು ಬಿಟ್ಟರೆ ಉಳಿದ ಗೊನೆಗೆ ಸ್ವಲ್ಪ ಕಾವಲಾದೀತು. ಬಿದ್ದ ಕಾಯಿ ಮತ್ತೆ ಮರ ಏರುವುದಿಲ್ಲ.

ಮನಸ್ಸಿನ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ಅದು ನನಗೆ ತಿಳಿದದ್ದು ತಡವಾಗಿ.

ನಮ್ಮ ತಂದೆಯವರು ದಿನಾ ಬೆಳಗ್ಗೆ ತೋಟಕ್ಕೆ ಒಂದು ಸುತ್ತು ಹೋಗಿ ಬರುತ್ತಿದ್ದರು. ಬಂದವರೇ ಹಳೆಯ ಲೆಕ್ಕದ ಪುಸ್ತಕದಲ್ಲಿ ಎರಡು ಸಾಲು ಬರೆಯುತ್ತಿದ್ದರು. ಎಷ್ಟು ಮಳೆ ಬಂತು, ಯಾವ ಕೆಲಸ ಬಾಕಿ, ಇಷ್ಟೇ. 'ಮಳೆ ಬರೆದಿಟ್ಟರೆ ಏನು ಸಿಗುತ್ತದೆ ಅಪ್ಪಾ?' ಎಂದು ನಾವು ತಮಾಷೆ ಮಾಡಿದರೆ ನಕ್ಕು ಸುಮ್ಮನಾಗುತ್ತಿದ್ದರು.

ಅವರು ತೀರಿಕೊಂಡದ್ದು ಒಂದು ಮೇ ತಿಂಗಳ ಕೊನೆಯಲ್ಲಿ. ಉತ್ತರಕ್ರಿಯೆಯ ಗಡಿಬಿಡಿಯಲ್ಲಿ ಮದ್ದು ತಪ್ಪಿತು. ಮಳೆ ಬಿಡದೆ ಹೊಡೆಯಿತು. ಆಟಿ ತಿಂಗಳಿಗಾಗುವಾಗ ತೋಟದಲ್ಲಿ ಕಾಲಿಟ್ಟರೆ ಕೊಳೆತ ಕಾಯಿಯ ವಾಸನೆ. ನಾನು ಅತ್ತ ಹೋಗುವುದನ್ನೇ ಬಿಟ್ಟೆ. ಜಗಲಿಯಲ್ಲಿ ಕುಳಿತರೆ ಮಧ್ಯಾಹ್ನದವರೆಗೂ ಅಲ್ಲೇ. ಯಾರಾದರೂ ಬರುವುದು ಕಂಡರೆ ಎದ್ದು ಒಳಗೆ.

ಒಂದು ದಿನ ಅಮ್ಮ ಆ ಪುಸ್ತಕವನ್ನು ತಂದು ನನ್ನ ಮುಂದಿಟ್ಟರು. 'ಎರಡು ತಿಂಗಳಿಂದ ಖಾಲಿ ಬಿದ್ದಿದೆ ಮಗಾ. ಇವತ್ತಿನ ಮಳೆಯನ್ನಾದರೂ ಬರೆ' ಎಂದರು. ಬರೆಯಬೇಕಾದರೆ ಅಳೆಯಬೇಕು. ಅಳೆಯುವ ಡಬ್ಬಿ ಇದ್ದದ್ದು ತೋಟದ ಅಂಚಿನಲ್ಲಿ. ಇಳಿದು ಹೋದೆ.

ಆ ಸಂಜೆ ಹಿಂದಿನ ಪುಟಗಳನ್ನೂ ತಿರುವಿದೆ. ಬಹಳ ಹಿಂದಿನ ಒಂದು ವರ್ಷ ಅಪ್ಪ ಬರೆದಿದ್ದರು: 'ಮಹಾಳಿ. ಅರ್ಧ ಹೋಯಿತು.' ಮರುದಿನದ ಸಾಲು: 'ತೋಡಿನ ಬದಿ ಜರಿದಿದೆ. ಕಟ್ಟಿಸಬೇಕು.' ಆ ವರ್ಷ ಮನೆಯಲ್ಲಿ ನಷ್ಟವಾದದ್ದು ಮಕ್ಕಳಾದ ನಮಗೆ ಗೊತ್ತೇ ಆಗಿರಲಿಲ್ಲ. ನಷ್ಟದ ಮರುದಿನವೂ ಅವರು ಸುತ್ತು ಹೋಗಿದ್ದರು. ಅದು ಹೊಸದಾಗಿ ತಂದುಕೊಂಡ ಧೈರ್ಯವಲ್ಲ. ಸುಖದ ದಿನಗಳಲ್ಲೇ ಕಾಲಿಗೆ ಹತ್ತಿದ್ದ ಅಭ್ಯಾಸ.

ನಮ್ಮ ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈಗಳನ್ನು ನೆನೆಯಿರಿ. 1915ರಲ್ಲಿ ಹುಟ್ಟಿ 2015ರವರೆಗೆ, ನೂರು ವರ್ಷ ಬಾಳಿದವರು. ಅಧ್ಯಾಪಕರು, ಕೃಷಿಕರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು 'ದುಡಿತವೇ ನನ್ನ ದೇವರು'.

ಹಾಗಾದರೆ ನಾವು ಮಾಡಬಹುದಾದದ್ದು ಏನು? ದೊಡ್ಡ ವ್ರತ ಬೇಡ, ಅದು ಮೂರು ದಿನಕ್ಕೆ ಮುರಿಯುತ್ತದೆ. ದಿನಾ ಒಂದೇ ಹೊತ್ತಿಗೆ ಮನೆಯಿಂದ ಹೊರಗೆ ಒಂದು ಸುತ್ತು. ತೋಟವಿಲ್ಲದವರಿಗೆ ಬೀದಿಯಾದರೂ ಇದೆ. ಎರಡು ಸಾಲು ಬರಹ. ಅದರಲ್ಲಿ ನಾಳೆಯ ಒಂದು ಕೆಲಸ ಇರಲಿ. ಕೆಲಸವಿಲ್ಲದಿದ್ದರೂ ನೆರೆಮನೆಯವರೊಡನೆ ನಾಲ್ಕು ಮಾತು. ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸಿ, ಲೆಕ್ಕ ಇಡಬೇಡಿ.

ಇದರಿಂದ ದುಃಖ ಬಾರದೆ ಇರುತ್ತದೆಯೇ? ಇಲ್ಲ. ಮದ್ದು ಬಿಟ್ಟ ತೋಟದಲ್ಲೂ ಕಾಯಿ ಉದುರುವುದುಂಟು. ನಿದ್ದೆ, ಊಟ ಸೇರದೆ ವಾರಗಳು ಕಳೆದರೆ ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿರಿ. ಜ್ವರಕ್ಕಿಲ್ಲದ ನಾಚಿಕೆ ಇದಕ್ಕೇಕೆ?

ನಾಳೆಯಿಂದ ಎನ್ನಬೇಡಿ. ಮನೆಯಲ್ಲಿ ಮಕ್ಕಳ ಹಳೆಯ ನೋಟುಪುಸ್ತಕ ಒಂದಾದರೂ ಇದ್ದೀತು. ಇವತ್ತೇ ಎರಡು ಸಾಲು ಬರೆಯಿರಿ. ಮಳೆ ಬಾರದಿದ್ದರೆ 'ಮಳೆ ಇಲ್ಲ' ಎಂದೇ ಬರೆಯಿರಿ.