ಕ್ಲೋವರ್ ಎಂಬ ನೆಲಹಾಸು

ಇಂಗ್ಲೆಂಡಿನ ಕೈತೋಟಗಳಲ್ಲಿ ಬಿಳಿ ಕ್ಲೋವರ್‌ನ ಒಂದು ಚೆಂದದ ತಳಿಯಿದೆ. ಎಲೆಯ ನಡುವೆ ಕಡು ಕೆನ್ನೇರಳೆ, ಸುತ್ತ ಸೀರೆಯಂಚಿನಂಥ ತೆಳು ಹಸಿರು. ಸಂಜೆಯಾದರೆ ಕ್ಲೋವರ್ ಎಲೆ ಮಡಚಿಕೊಳ್ಳುತ್ತದೆ: ಬದಿಯ ಎರಡು ಎಸಳು ಒಂದಕ್ಕೊಂದು ಒರಗುತ್ತವೆ, ಮೂರನೆಯದು ಅವುಗಳ ಮೇಲೆ ಕೊಡೆ ಹಿಡಿಯುತ್ತದೆ. ಅಡುಗೆಮನೆಯ ಮೆಂತ್ಯವೂ ಇದೇ ಬಳಗದ್ದು.

ಈ ಕ್ಲೋವರ್ ತಳಿಗೆ ಬಿಸಿಲು ಬೇಕು, ನೆರಳಲ್ಲಿ ಬಣ್ಣ ಮಾಸುತ್ತದೆ. ಮಣ್ಣು ತೇವವಾಗಿರಲಿ, ನೀರು ನಿಲ್ಲದಿರಲಿ. ಹಬ್ಬುವ ಕಾಂಡ ಗೆಣ್ಣುಗೆಣ್ಣಿಗೂ ಬೇರು ಬಿಡುವುದರಿಂದ ಅಂಚು ಕತ್ತರಿಸುತ್ತಿರಬೇಕು. ಬೇರು ಸಮೇತ ಕಿತ್ತ ತುಂಡೇ ಮುಂದಿನ ಕುಂಡಕ್ಕೆ ಸಸಿ.

ಯೂರಿಯಾ ಮಾತ್ರ ಬೇಡವೇ ಬೇಡ. ಬೇರನ್ನು ಮೆಲ್ಲಗೆ ತೊಳೆದು ನೋಡಿದರೆ ರಾಗಿಕಾಳಿನಷ್ಟು ಗಂಟುಗಳು ಕಾಣುತ್ತವೆ. ಅವುಗಳೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಗಿಡಕ್ಕೆ ಉಣಿಸುತ್ತವೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಕೆಲಸ ನಡೆದಿದೆ ಎಂದರ್ಥ.

ಹೂ ಬಿಟ್ಟ ಮೇಲೆ ದುಂಬಿಗಳದೇ ಕಾರುಬಾರು. ಇದರ ಸೋದರ ಕೆಂಪು ಕ್ಲೋವರ್ ನ್ಯೂಜಿಲೆಂಡಿಗೆ ಹೋದಾಗ ಸರಿಯಾಗಿ ಬೀಜ ಕಟ್ಟಲೇ ಇಲ್ಲ. ಹೂವಿನ ಉದ್ದನೆಯ ಕೊಳವೆಯ ತಳಕ್ಕೆ ನಾಲಿಗೆ ಚಾಚಬಲ್ಲ ದುಂಬಿ ಅಲ್ಲಿರಲಿಲ್ಲ. ಕೊನೆಗೆ 1885ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ದುಂಬಿಗಳನ್ನು ಅಲ್ಲಿನ ಹೊಲಗಳಿಗೆ ಬಿಡಲಾಯಿತು. ಹೂಗಳು ಬೀಜ ಕಟ್ಟತೊಡಗಿದವು.